ಸೌದೆ ಒಟ್ಟುವ ಕಾಲ

ಒಂದು ಮನೆಯ ಅಚ್ಚುಕಟ್ಟನ್ನು ನಾನು ಅಳೆಯುವುದು ಹಿತ್ತಿಲ ಸೌದೆಯ ಒಟ್ಟಿಲು ನೋಡಿ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿ, ಮನೆಯೊಳಗೆ ಕನ್ನಡ ಉಳಿಸಿಕೊಂಡ ಕಪ್ಪಿಲಿಯರ ಊರುಗಳಿಗೆ ಹೋದಾಗಲೂ ನನ್ನ ಕಣ್ಣು ಮೊದಲು ಅತ್ತಲೇ ಹೊರಳುತ್ತದೆ. ಅಡುಗೆಮನೆಗೆ ಗ್ಯಾಸ್ ಬಂದಿದೆ, ನಿಜ. ಆದರೂ ಸ್ನಾನದ ಹಂಡೆಗೆ, ಮದುವೆಯಡುಗೆಗೆ, ತೈ ತಿಂಗಳ ಪೊಂಗಲ್ ಮಡಕೆಗೆ ಸೌದೆಯೇ ಆಗಬೇಕು.

ಇಲ್ಲಿ ಸೌದೆ ಒಣಗಿಸುವುದು ಬಿಸಿಲಿಗಿಂತ ಹೆಚ್ಚಾಗಿ ಗಾಳಿ. ಜೂನ್ ಹೊತ್ತಿಗೆ ಬೆಟ್ಟದಾಚೆ ಕೇರಳದಲ್ಲಿ ಮಳೆ ಸುರಿಯುವಾಗ, ಈಚೆಗೆ ಹನಿಗಿಂತ ಗಾಳಿಯೇ ಜಾಸ್ತಿ ನುಗ್ಗುತ್ತದೆ. ಅದನ್ನೇ ನಂಬಿ ತೇನಿಯ ಬಯಲಲ್ಲಿ ಗಾಳಿಯಂತ್ರಗಳು ನಿಂತಿವೆ. ಆಚೆಯ ಆ ಮಳೆನೀರನ್ನು ಬ್ರಿಟಿಷ್ ಎಂಜಿನಿಯರ್ ಪೆನ್ನಿಕ್ವಿಕ್ ಅವರು ಪೆರಿಯಾರ್ ಅಣೆಕಟ್ಟು ಕಟ್ಟಿಸಿ, 1895ರಲ್ಲಿ ಸುರಂಗದ ಮೂಲಕ ಈಚೆಗೆ ಹರಿಸಿದರು. ಅವರು ಹುಟ್ಟಿದ ಜನವರಿ 15ರಂದು ಇಲ್ಲಿಯ ರೈತರು ಅವರ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. ನೀರು ತಂದವರ ನೆನಪಿನ ಮಡಕೆ ಉಕ್ಕುವುದಕ್ಕೂ ನೀರಾರಿದ ಸೌದೆ ಬೇಕು!

ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ. ಹಾಗೇ ಒಲೆಗಿಟ್ಟರೆ ಬೆಂಕಿಯ ಶಾಖದಲ್ಲಿ ಸಾಕಷ್ಟು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿ, ಉಳಿಯುವುದು ಹೊಗೆ. ತೇವ ಶೇ. 20ಕ್ಕಿಂತ ಕೆಳಗಿಳಿದರೆ ಉರಿ ಚೊಕ್ಕ. ಆದ್ದರಿಂದ ಬೇಸಿಗೆಯ ಮೊದಲಲ್ಲೇ ಕಡಿದು, ಸೀಳಿಬಿಡಬೇಕು. ಇಡೀ ದಿಮ್ಮಿಯ ತೇವವನ್ನು ತೊಗಟೆ ಹೊರಬಿಡುವುದಿಲ್ಲ. ಹುಣಿಸೆ, ಬಳ್ಳಾರಿ ಜಾಲಿಯಂಥ ಗಟ್ಟಿ ಮರಕ್ಕೆ ಬೇಸಿಗೆಯೂ ಬೇಕು, ಆಷಾಢದ ಗಾಳಿಯೂ ಬೇಕು. ತೆಂಗಿನ ಸೋಗೆ, ಕರಟಗಳಿಗೆ ಕೆಲವು ದಿನ ಸಾಕು. ಅವನ್ನು ಬೇರೆಯಾಗಿಯೇ ಇಡಬೇಕು, ಒಲೆ ಹೊತ್ತಿಸುವಾಗ ಕೈಗೆ ಸಿಗುವಂತೆ.

ಒಟ್ಟುವುದಕ್ಕೂ ಒಂದು ಕ್ರಮವಿದೆ. ನೆಲಕ್ಕೆ ಕಲ್ಲು ಹಾಕಿ, ಅದರ ಮೇಲೆ ಅಡ್ಡ ತೊಲೆ ಇಟ್ಟರೆ ನೆಲದ ತೇವ ಏರುವುದಿಲ್ಲ, ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ. ಮನೆಯ ಗೋಡೆಗೆ ಒರಗಿಸದೆ ಒಂದು ಗೇಣಾದರೂ ಜಾಗ ಬಿಡಬೇಕು. ಸೀಳಿನ ತುದಿಗಳು ಗಾಳಿ ಬರುವ ಕಡೆಗಿರಬೇಕು. ಅಕ್ಟೋಬರ್-ನವೆಂಬರಿನ ಐಪ್ಪಸಿ ಮಳೆಗೆ ಮೊದಲು ಮಾಡು ಬೇಕು, ಆದರೆ ತಲೆಗೆ ಮಾತ್ರ. ಸುತ್ತಲೂ ಟಾರ್ಪಾಲು ಬಿಗಿದರೆ ಒಳಗೇ ಬೆವರಿ ಬೂಸಲು ಹಿಡಿಯುತ್ತದೆ. ಸಂದಿಯಲ್ಲಿ ಚೇಳು, ಹಾವು ಸೇರುವುದರಿಂದ ಕತ್ತಲಲ್ಲಿ ಕೈ ಹಾಕಬಾರದು.

"ಹೊಗೆ ಬಂದರೆ ಒಲೆಯನ್ನ ಬೈಬೇಡ, ಸೌದೆ ಒಟ್ಟಿದವನನ್ನ ಕೇಳು" ಎನ್ನುತ್ತಿದ್ದರು ನಮ್ಮ ದೊಡ್ಡಮ್ಮ. ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಲೆಯ ಮುಂದೆ ಕೂತು ಕಣ್ಣೀರು ಸುರಿಸುವವರು, ಕೆಮ್ಮುವವರು ಬಹುಪಾಲು ಹೆಂಗಸರು. ಸೌದೆ ತಂದು ಹಾಕುವವರು ಬೇರೆಯವರು. ಹೊರೆಯನ್ನು ಅಂಗಳದಲ್ಲಿ ಕೆಡವಿದರೆ ಕೆಲಸ ಮುಗಿಯಲಿಲ್ಲ. ಸೀಳಿ, ಒಟ್ಟಿ, ಹಳೆಯದನ್ನು ಮುಂದಕ್ಕೂ ಹೊಸದನ್ನು ಹಿಂದಕ್ಕೂ ಇಟ್ಟಾಗಲೇ ಅದು ಮುಗಿಯುವುದು. ಇಷ್ಟನ್ನು ಮನೆಯ ಗಂಡಸರು ಮಳೆಗೆ ಮೊದಲು ಮಾಡಿದರೆ ಅಡುಗೆ ಮಾಡುವವರ ಕಣ್ಣೂ ಎದೆಯೂ ಉಳಿಯುತ್ತವೆ.