ಬಡ್ಡಿ ಇಲ್ಲದ ಕಡ

ಸಣ್ಣ ಮಕ್ಕಳನ್ನು ಊರ ಗ್ರಂಥಾಲಯಕ್ಕೆ ಕರೆದೊಯ್ಯಲು ಶನಿವಾರವೇ ಒಳ್ಳೆಯ ದಿನ. ಮುಂಜಾನೆಯ ಸಾಲಿ ಬೇಗ ಬಿಡುತ್ತದೆ. ರೋಣದ ಕಡೆಯ ನಮ್ಮ ಎರಿ ಸೀಮೆಯ ಬಿಸಿಲೂ ಆಗಿನ್ನೂ ನೆತ್ತಿಗೆ ಬಂದಿರುವುದಿಲ್ಲ. ಎರಡನೇ, ಮೂರನೇ ಇಯತ್ತೆಯ ಮಕ್ಕಳು ಕೈ ಕೈ ಹಿಡಿದು ಪಂಚಾಯತಿಯತ್ತ ಹೊರಟರೆ, ಕಟ್ಟೆಯ ಮೇಲೆ ಕುಂತ ಹಿರಿಯರು “ಅಕ್ಕೋರ, ಎಲ್ಲಿಗ್ರಿ ದಂಡು?” ಎಂದು ಕೇಳಿಯೇ ಕೇಳುತ್ತಾರೆ.

ಒಳಗೆ ಬಂದೊಡನೆ ಗದ್ದಲವೆಲ್ಲ ನಿಂತುಹೋಗುತ್ತದೆ. ಕಪಾಟು ತುಂಬ ಜೋಡಿಸಿಟ್ಟದ್ದನ್ನು ಈ ಮಕ್ಕಳು ಕಂಡಿರುವುದು ಅಂಗಡಿಯಲ್ಲಿ ಮಾತ್ರ. “ಇದಕ್ಕ ರೊಕ್ಕ ಎಷ್ಟ್ರಿ?” ಎಂದು ಒಬ್ಬ ಮೆಲ್ಲಗೆ ಕೇಳಿದ. ರೊಕ್ಕ ಬೇಡ, ಮನೆಗೆ ಒಯ್ದು ಓದಿ ತಿರುಗಿ ತಂದುಕೊಟ್ಟರೆ ಸಾಕು ಎಂದೆ. ಹಿಂದೆ ನಿಂತಿದ್ದ ಹುಡುಗಿ, “ಹಂಗಾರ ಕಡಾ ಅನ್ರಿ. ಬಡ್ಡಿ ಎಷ್ಟ್ರಿ?” ಎಂದಳು. ಬೀಜ, ಗೊಬ್ಬರದ ಸಾಲದ ಮಾತು ಕಿವಿಗೆ ಬೀಳುತ್ತಿರುವಾಗಲೇ ನಿದ್ದೆ ಹೋಗುವ ಮಗು ಅದು. ಬಡ್ಡಿ ಇಲ್ಲವೆಂದು ಅವಳನ್ನು ನಂಬಿಸಲು ತುಸು ಹೊತ್ತೇ ಹಿಡಿಯಿತು.

ಅಂಥ ನಂಬಿಕೆ ಬರುವುದು ಪುಸ್ತಕ ಕೈಗೆ ಸಿಕ್ಕಾಗಲೇ. ಅದಕ್ಕೇ ನನ್ನ ಹಟವೊಂದಿದೆ: ಬರಿಗೈಲಿ ಮರಳುವ ಭೇಟಿ ಭೇಟಿಯೇ ಅಲ್ಲ. ಹಾಗೆ ಮರಳಬೇಕಾದ್ದೂ ಇಲ್ಲ: ಕೋವಿಡ್ ಸಾಲಿಗಳನ್ನು ಮುಚ್ಚಿಸಿದ್ದ 2020ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಆರಂಭಿಸಿ, 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತಿ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತ ಮಾಡಿತು. ಆ ವಯಸ್ಸು ಇಷ್ಟು ಕೆಳಗಿಟ್ಟದ್ದು ನನಗೆ ದೊಡ್ಡ ಸಂಗತಿ. ಆರು ವರ್ಷದ ಕೂಸಿನ ಹೆಸರನ್ನು ಕೂಸನ್ನೇ ಕೇಳಿ ಬರೆದುಕೊಳ್ಳುವವರು ಸಾಲಿಯ ಆಚೆ ಕಡಿಮೆ. ಇಲ್ಲಿ ಮೇಲ್ವಿಚಾರಕರು ಹೆಸರು ಕೇಳಿ, ಬರೆದುಕೊಂಡು, ಪುಸ್ತಕವನ್ನು ನೆಚ್ಚಿ ಕೈಗಿಡುತ್ತಾರೆ.

ಹೀಗೆ ಪುಸ್ತಕ ನೋಡಿಕೊಳ್ಳುವವರು ನಮ್ಮಲ್ಲಿ ಹಿಂದೆಯೂ ಇದ್ದರು. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ, ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ ಗುರುಗಳ ಜೊತೆಗೇ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೇಳುತ್ತದೆ. ಪುಸ್ತಕ ಕಾಯ್ದವರು ಅವರು. ಗಜೇಂದ್ರಗಡದ ಬಳಿಯ ನಮ್ಮ ಸೂಡಿ, ಚಾಲುಕ್ಯರ ಅಕ್ಕಾದೇವಿಯ ಆಳ್ವಿಕೆ ಕಂಡದ್ದೂ ಅದೇ ಶತಮಾನದಲ್ಲಿ. ಸೂಡಿಯ ನಾಗಕುಂಡದ ಮೆಟ್ಟಿಲಲ್ಲಿ ಆಡಿ ಬಂದ ಮಕ್ಕಳಿಗೆ ಆ ಭಂಡಾರಿಗರ ಸಂಗತಿ ಹೇಳುವಾಗ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಅಂದಿನ ಭಂಡಾರ ವೇದ, ಶಾಸ್ತ್ರ ಕಲಿಯುವ ಕೆಲವರಿಗಷ್ಟೇ ಮೀಸಲು. ಹತ್ತಿ ಬಿಡಿಸುವವಳ ಮಗಳು ಒಳಗೆ ಬಂದು, ಬೇಕಾದ್ದನ್ನು ತಾನೇ ಆರಿಸಿಕೊಳ್ಳುವುದು ತೀರ ಈಚಿನ ಭಾಗ್ಯ.

ಆರಿಸುವಾಗ ನಡುವೆ ಬಾಯಿ ಹಾಕಬಾರದು. ತನಗೆ ಎಟುಕದ ದಪ್ಪ ಪುಸ್ತಕವನ್ನು ಎದೆಗವಚಿಕೊಂಡವನಿಗೂ ಅದನ್ನೇ ಕೊಡಬೇಕು. ಚಿತ್ರ ನೋಡಲಿ, ಹಾಳಿ ತಿರುವಲಿ. ಓದುವ ಆಸೆ ಎಷ್ಟೋ ಸಲ ಓದಲು ಬರುವ ಮೊದಲೇ ಹುಟ್ಟುತ್ತದೆ.

ಒಬ್ಬ ಹುಡುಗ ಸಮುದ್ರದ ಚಿತ್ರವಿದ್ದ ಕತೆ ಪುಸ್ತಕವನ್ನೇ ಹುಡುಕಿ ತೆಗೆದ. ಅವನ ತಾಯಿ ತಂದೆ ಗೋವಾಕ್ಕೆ ದುಡಿಯಲು ಹೋಗಿದ್ದಾರೆ. ಅವನು ಅಜ್ಜಿಯ ಹತ್ತಿರ ಇರುತ್ತಾನೆ. ಮುಂದಿನ ಶನಿವಾರ ಎಲ್ಲರೂ ಪುಸ್ತಕ ಬದಲಿಸಿದರು, ಅವನೊಬ್ಬ ಬದಲಿಸಲಿಲ್ಲ. ರಾತ್ರಿ ಫೋನಿನಲ್ಲಿ ಅವ್ವನಿಗೆ ದಿನಾ ಒಂದಿಷ್ಟು ಓದಿ ಹೇಳುತ್ತಿದ್ದನಂತೆ. “ಇನ್ನ ನಾಕ ಹಾಳಿ ಉಳದಾವ್ರಿ,” ಎಂದು ಅದನ್ನೇ ಮತ್ತೆ ತನ್ನ ಹೆಸರಿಗೆ ಬರೆಸಿಕೊಂಡು ಹೋದ.