ಓಲೆಗರಿಯಿಂದ ಮಿಂಚಂಚೆಯವರೆಗೆ: ಪ್ರತಿ ಮಾಡಿಸುವ ವಿವೇಕ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಇದನ್ನು ಅವಳ ಔದಾರ್ಯಕ್ಕೆ ನಿದರ್ಶನವಾಗಿ ಸ್ಮರಿಸುವುದು ರೂಢಿ. ಆದರೆ ಆ ಶಾಸ್ತ್ರದಾನದಲ್ಲಿ ಸಂರಕ್ಷಣೆಯ ವಿವೇಕವೂ ಅಡಗಿದೆ. ಒಂದೆಡೆಯ ಓಲೆಗರಿಯನ್ನು ಗೆದ್ದಲು ತಿಂದರೂ ಮತ್ತೊಂದೆಡೆಯದು ಉಳಿಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ‘ಧವಳಾ’ ಟೀಕೆಯು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲೇ ಉಳಿದಿತ್ತು. ಅದರ ಪ್ರತಿಗಳು ಹೊರಬಂದು, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗತೊಡಗಿದ ಮೇಲೆಯೇ ಅದು ನಾಶದ ಭಯದಿಂದ ಪಾರಾಯಿತು.

ಈ ಪಾಠ ಗ್ರಂಥಗಳಿಗಷ್ಟೇ ಸೀಮಿತವಲ್ಲ. ಮನೆಮಾತಿನ ಪತ್ರಗಳಿಗೂ ಅನ್ವಯಿಸುತ್ತದೆ. ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಂಥ ಊರುಗಳಲ್ಲಿ ಹಿಂದಿನ ತಲೆಮಾರಿನ ಕಾಗದಗಳು ಟ್ರಂಕಿನಲ್ಲಿಯೋ, ಗೋಡೆಗೆ ತೂಗುಹಾಕಿದ ತಂತಿಯಲ್ಲಿಯೋ ಇರುತ್ತಿದ್ದವು. ಬರೆದವರು ತೀರಿಕೊಂಡರೂ ಮೊಮ್ಮಕ್ಕಳ ಕೈಗೆ ಅವು ಸಿಗುತ್ತಿದ್ದವು. ಊರು ಬಿಟ್ಟು ಬೆಂಗಳೂರು, ಅಮೆರಿಕ ಸೇರಿದವರು ಇಪ್ಪತ್ತು ವರ್ಷಗಳಿಂದ ಬರೆದದ್ದೆಲ್ಲ ಮಿಂಚಂಚೆಯಲ್ಲಿದೆ. ಅದರ ಪೆಟ್ಟಿಗೆ ಪರರ ಮನೆಯಲ್ಲಿದೆ. ಕೀಲಿ ಒಬ್ಬರ ನೆನಪಿನಲ್ಲಿ ಮಾತ್ರ ಇದೆ.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡಗೂಡಿ 1996ರಲ್ಲಿ ಹಾಟ್‌ಮೇಲನ್ನು ಆರಂಭಿಸಿದಾಗ ಉಚಿತ ಅಂಚೆಪೆಟ್ಟಿಗೆ ಜನಸಾಮಾನ್ಯರಿಗೆ ದೊರೆಯಿತು. 2004ರಲ್ಲಿ ಜಿಮೇಲ್ ಒಂದು ಜಿಬಿ ಸ್ಥಳವನ್ನು ಕೊಟ್ಟಾಗ, ಇನ್ನು ಏನನ್ನೂ ಅಳಿಸಬೇಕಿಲ್ಲ ಎಂಬ ಭಾವನೆ ಬೆಳೆಯಿತು. ಆದರೆ ಅಳಿಸದಿರುವುದೇ ಉಳಿಸುವುದಲ್ಲ. ಜಿಯೋಸಿಟೀಸ್ 2009ರಲ್ಲಿ, ಆರ್ಕುಟ್ 2014ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ ಮುಚ್ಚಿದವು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ತೀರಿಕೊಂಡವರ ಅಂಚೆಪೆಟ್ಟಿಗೆಗೆ ಈ ಎರಡು ವರ್ಷಗಳೇ ಆಯುಷ್ಯವಾಗಬಹುದು. 2011ರಲ್ಲಿ ಕೆಲವು ಜಿಮೇಲ್ ಬಳಕೆದಾರರ ಪತ್ರಗಳು ಕಾಣೆಯಾದಾಗ ಅವನ್ನು ಮರಳಿ ಕೊಟ್ಟದ್ದು ಬೇರೆಯಾಗಿಟ್ಟಿದ್ದ ಟೇಪಿನ ಪ್ರತಿ. ಅಲ್ಲಿಯೂ ಕಾಪಾಡಿದ್ದು ಇನ್ನೊಂದು ಪ್ರತಿಯೇ.

ಪ್ರತಿ ಮಾಡಿಕೊಳ್ಳುವುದು ಇಂದು ಕಷ್ಟವಲ್ಲ. ಗೂಗಲ್‌ನ ಟೇಕೌಟ್ ಸೌಲಭ್ಯದಿಂದ ಎಲ್ಲ ಪತ್ರಗಳನ್ನೂ ‘ಎಂಬಾಕ್ಸ್’ ಎಂಬ ಕಡತರೂಪದಲ್ಲಿ ಇಳಿಸಿಕೊಳ್ಳಬಹುದು. ಬೇರೆ ಸೇವೆಗಳ ಪತ್ರಗಳನ್ನು ಥಂಡರ್‌ಬರ್ಡ್‌ನಂಥ ಉಚಿತ ತಂತ್ರಾಂಶದ ಮೂಲಕ ಸ್ವಂತ ಗಣಕಕ್ಕೆ ತಂದುಕೊಳ್ಳಬಹುದು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಆಪ್ತರಲ್ಲಿ ಇರಬೇಕು. ಡಿಸ್ಕುಗಳೂ ಓಲೆಗರಿಗಳಂತೆ ಜೀರ್ಣವಾಗುವುದರಿಂದ ಕೆಲವು ವರ್ಷಗಳಿಗೊಮ್ಮೆ ಮತ್ತೆ ಪ್ರತಿ ಮಾಡಬೇಕು. ಖಾತೆ ನಿಷ್ಕ್ರಿಯವಾದಾಗ ಅದರಲ್ಲಿರುವುದು ಯಾರಿಗೆ ಸೇರಬೇಕೆಂದು ಮೊದಲೇ ಸೂಚಿಸಿಡುವ ಅವಕಾಶವನ್ನೂ ಗೂಗಲ್ ಕೊಟ್ಟಿದೆ.

ಕನ್ನಡಿಗರಿಗೆ ಮತ್ತೊಂದು ಎಚ್ಚರಿಕೆ ಅಗತ್ಯ. ಯೂನಿಕೋಡ್ ರೂಢಿಯಾಗುವ ಮುನ್ನ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬರೆದು ಲಗತ್ತಿಸಿದ ಕಡತಗಳು, ಆ ವಿನ್ಯಾಸವಿಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತವೆ. ಪರಿವರ್ತಕ ತಂತ್ರಾಂಶಗಳು ಲಭ್ಯವಿರುವಾಗಲೇ ಅವನ್ನು ಯೂನಿಕೋಡಿಗೆ ತಂದು, ಮೂಲವನ್ನೂ ಜೊತೆಗಿಡಬೇಕು. ಓಲೆ ಉಳಿದೂ ಲಿಪಿಯನ್ನು ಬಲ್ಲವರಿಲ್ಲದಿದ್ದರೆ ಗ್ರಂಥ ಮೂಕವಾಗುತ್ತದೆ.

ಎಲ್ಲ ಪತ್ರಗಳೂ ಉಳಿಯಬೇಕಾದವಲ್ಲ. ಅಪರಿಗ್ರಹದ ದೃಷ್ಟಿಯಿಂದ ನೋಡಿದರೆ ಜಾಹೀರಾತು, ರಸೀದಿಗಳ ರಾಶಿಯನ್ನು ಬಿಡುವುದೇ ಲೇಸು. ಆದರೆ ಯಾವುದನ್ನು ಬಿಡಬೇಕು, ಯಾವುದನ್ನು ಮೊಮ್ಮಕ್ಕಳಿಗೆ ಕೊಡಬೇಕು ಎಂಬ ನಿರ್ಧಾರ ಪತ್ರ ಬರೆದವರದಾಗಿರಬೇಕು, ಪೆಟ್ಟಿಗೆಯನ್ನು ಎರವಲು ಕೊಟ್ಟವರದಲ್ಲ.