ಹೆಣೆದದ್ದೋ, ನೇಯ್ದದ್ದೋ?

ಕಾರಮಡೈಯಲ್ಲಿ ವಕೀಲಿ ನಡೆಸುವ ನನಗೆ ಸುಂಕದ ಕಾನೂನು ಒಣ ವಿಷಯವೆನಿಸಿದ್ದಿಲ್ಲ. ವಿದೇಶದಿಂದ ಬರುವ ಹೆಂಗಸರ ಉಣ್ಣೆಯ ಓವರ್‌ಕೋಟನ್ನೇ ನೋಡಿ. 1975ರ ಕಸ್ಟಮ್ಸ್ ಸುಂಕದ ಕಾಯಿದೆಯಡಿ ಅದರ ಸ್ಥಾನ ಗೊತ್ತುಮಾಡುವಾಗ, ಬಟ್ಟೆ ಹೆಣೆದದ್ದೋ ನೇಯ್ದದ್ದೋ ಎಂದು ಮೊದಲು ಕೇಳಬೇಕು. ಹೆಣೆದದ್ದಾದರೆ 61ನೆಯ ಅಧ್ಯಾಯದ 6102. ನೇಯ್ದದ್ದಾದರೆ 62ನೆಯ ಅಧ್ಯಾಯದ 6202. ದಾರ ಕುಣಿಕೆಯೊಳಗೆ ಕುಣಿಕೆಯಾಗಿ ಸಾಗಿದರೆ ಹೆಣಿಗೆ. ತಿರುಪ್ಪೂರಿನ ಬನಿಯನ್ ಬಟ್ಟೆ ಅಂಥದು. ಹಾಸಿನ ನಡುವೆ ಹೊಕ್ಕು ಹಾಯ್ದರೆ ನೇಯ್ಗೆ. ಸಿರುಮುಗೈಯ ರೇಷ್ಮೆ ಸೀರೆ ಅಂಥದು. ಮಗ್ಗದ ಮನೆಯ ಮಗುವಿಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ.

ಎರಡನೆಯ ಪ್ರಶ್ನೆ ನಾರಿನದು. ವರ್ತಕರೊಬ್ಬರು ಉಣ್ಣೆ ಶೇ. 45, ಪಾಲಿಯೆಸ್ಟರ್ 30, ನೈಲಾನ್ 25 ಎಂದಿದ್ದ ಚೀಟಿ ತೋರಿಸಿ, “ಉಣ್ಣೆಯೇ ಹೆಚ್ಚಲ್ಲವೇ, ವಕೀಲರೇ?” ಎಂದರು. ಅಲ್ಲ. ಕೃತಕ ನಾರುಗಳೆರಡನ್ನೂ ಕೂಡಿಸಿ ತೂಗಬೇಕೆಂಬುದು ನಿಯಮ. ಕೂಡಿಸಿದರೆ 55, ಕೋಟು ಉಣ್ಣೆಯದಾಗಿ ಉಳಿಯದು. ನೇಯ್ದ ಕೋಟಿನ ಗುಂಡಿಗೂ ನಿಯಮವಿದೆ: ಮುಂಭಾಗದಲ್ಲಿ ಬಲದ ಅಂಚು ಎಡದ ಮೇಲೆ ಬಂದರೆ ಸಾಮಾನ್ಯವಾಗಿ ಹೆಂಗಸರದು. ಯಾರದೆಂದು ನಿರ್ಣಯಿಸಲಾಗದ ಉಡುಪು ಕೂಡ ಹೆಂಗಸರ ಶೀರ್ಷಿಕೆಗೇ ಸೇರುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಗು ನಾಳೆ ಕಾನೂನು ಓದಬಲ್ಲದೇ ಎಂದು ತಾಳವಾಡಿ ಕಡೆಯ ತಂದೆತಾಯಿಯರು ನನ್ನನ್ನು ಆಗಾಗ ಕೇಳುವುದುಂಟು. ಅರ್ಜಿ ಬರೆಯಲು ಇಂಗ್ಲಿಷ್ ಬೇಕು. ಅದನ್ನು ಮಕ್ಕಳು ಕಲಿಯಲೇಬೇಕು, ಕಲಿಯುತ್ತಾರೆ. ಆದರೆ ಬಟ್ಟೆಯನ್ನು ಬೆರಳಲ್ಲಿ ಹಿಡಿದು ಇಂಥದೆಂದು ಗುರುತಿಸುವ, ಪಾಲುಗಳನ್ನು ಕೂಡಿಸಿ ನೋಡುವ ವಿವೇಕ ಕನ್ನಡದಲ್ಲೇ ಬೆಳೆಯಬಲ್ಲದು. ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳನ್ನು ಮನೆಯಲ್ಲಿ ಆಡುತ್ತಿರಿ ಎಂಬುದಷ್ಟೇ ನನ್ನ ವಿನಂತಿ.